ಟವರ್ ಎಣಿಸಿದರೆ ಲೈಸೆನ್ಸಿನ ಲೆಕ್ಕ ಸಿಗುವುದಿಲ್ಲ

ಪ್ರಶ್ನೆ: ನಾನು ದಾವಣಗೆರೆಯವನು. ಬೆಂಗಳೂರಿನ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿಯಲ್ಲಿ ಡೇಟಾ ಎಂಜಿನಿಯರ್ ಆಗಿದ್ದೇನೆ, ಟೆಲಿಕಾಂ ನನಗೆ ಹೊಸದು. ಮೊಬೈಲ್ ಕಂಪನಿಗಳು ಪರವಾನಗಿ ಪಡೆದು ಬಳಸುವ ತರಂಗಾಂತರ, ಟವರ್, ಆಂಟೆನಾ, ಮೈಕ್ರೋವೇವ್ ಲಿಂಕ್ (ಎರಡು ಟವರುಗಳನ್ನು ತಂತಿಯಿಲ್ಲದೆ ಬೆಸೆಯುವ ಸಂಪರ್ಕ), ಫೈಬರ್ ಎಲ್ಲವನ್ನೂ ನಿಯಂತ್ರಣ ಸಂಸ್ಥೆ ಒಂದೇ ಕಡೆ ನೋಡುವಂಥ ವ್ಯವಸ್ಥೆ ಕಟ್ಟುವ ಕೆಲಸ ನಮ್ಮ ತಂಡಕ್ಕೆ ಬಂದಿದೆ. ಸದ್ಯ ಕಂಪನಿಗಳು ಮೂರು ತಿಂಗಳಿಗೊಮ್ಮೆ ಎಕ್ಸೆಲ್ ಕಳಿಸುತ್ತವೆ. ಎರಡು ಅವಧಿಯ ಕಡತ ಪಕ್ಕಪಕ್ಕ ಇಟ್ಟರೆ ಸೈಟುಗಳ ಸಂಖ್ಯೆ ತಾಳೆಯಾಗುವುದಿಲ್ಲ. ಒಂದೇ ಗುಡ್ಡದ ಒಂದೇ ಟವರ್ ಮೂರು ಸಲ ಬಂದಿದೆ. ಕೆಲವು ಸೈಟುಗಳು ನಕ್ಷೆಯಲ್ಲಿ ಸಮುದ್ರದೊಳಗೆ ಕಾಣುತ್ತವೆ. ‘ಕಂಪನಿಗಳು ಮುಚ್ಚಿಡುತ್ತಿವೆ’ ಎನ್ನುತ್ತಾರೆ ಕಚೇರಿಯವರು. ‘ಪ್ರತಿ ಟವರಿಗೂ ಆರ್‌ಎಫ್‌ಐಡಿ ಟ್ಯಾಗ್ (ರೇಡಿಯೋ ಮೂಲಕ ಓದುವ ಗುರುತಿನ ಚೀಟಿ) ಹಾಕಿ, ಕಂಪನಿಗಳ ನೆಟ್‌ವರ್ಕಿಗೆ ನೇರ ಎಪಿಐ (ಒಂದು ತಂತ್ರಾಂಶ ಇನ್ನೊಂದರಿಂದ ಮಾಹಿತಿ ಪಡೆಯುವ ದಾರಿ) ಜೋಡಿಸಿದರೆ ಮುಗಿಯಿತು’ ಎನ್ನುತ್ತಾರೆ ನಮ್ಮ ಮ್ಯಾನೇಜರ್. ಯಾರು ಸರಿ? ಎಲ್ಲಿಂದ ಶುರು ಮಾಡಲಿ? ಇಷ್ಟೆಲ್ಲ ಮಾಹಿತಿ ಒಂದೇ ಕಡೆ ಇಡುವುದು ಅಪಾಯವಲ್ಲವೇ?

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಚಿಂತೆಗಳು ಹೆಣೆದುಕೊಂಡಿವೆ. ಲೆಕ್ಕ ಯಾಕೆ ತಾಳೆಯಾಗುತ್ತಿಲ್ಲ, ಅದನ್ನು ಯಂತ್ರ ಹಚ್ಚಿ ಸರಿಮಾಡಬಹುದೇ, ಸರಿಮಾಡಿ ಒಂದೆಡೆ ಇಟ್ಟರೆ ಅದು ಯಾರ ಕೈಗೆ ಬಿದ್ದೀತು. ಕಚೇರಿಯವರ ಅನುಮಾನದಲ್ಲೂ ಮ್ಯಾನೇಜರ್ ಮಾತಿನಲ್ಲೂ ಒಂದಿಷ್ಟು ಸತ್ಯವಿದೆ. ಆದರೆ ನೀವು ಹೇಳಿದ ಮೂರು ಲಕ್ಷಣಗಳಲ್ಲಿ ಯಾವುದೂ ಮುಚ್ಚಿಟ್ಟದ್ದರ ಗುರುತಲ್ಲ. ‘ಸೈಟ್’ ಎಂಬ ಒಂದೇ ಪದವನ್ನು ನಾಲ್ಕು ಮಂದಿ ನಾಲ್ಕು ಅರ್ಥದಲ್ಲಿ ತುಂಬಿ ಕಳಿಸಿದಾಗ ಕಡತ ಹೀಗೇ ಕಾಣುತ್ತದೆ.

ಪರವಾನಗಿ ಇರುವುದು ಯಾವುದಕ್ಕೆ?

ಕಬ್ಬಿಣದ ಟವರಿಗೆ ಟೆಲಿಕಾಂ ಲೈಸೆನ್ಸ್ ಇರುವುದಿಲ್ಲ. ಇಂಥ ಪ್ರದೇಶದಲ್ಲಿ, ಇಂಥ ತರಂಗಾಂತರದಲ್ಲಿ, ಇಷ್ಟು ವರ್ಷ ಅಲೆ ಹೊರಡಿಸಿ ಸೇವೆ ಕೊಡಬಹುದು ಎಂಬ ಹಕ್ಕಿಗೆ ಲೈಸೆನ್ಸ್. ಭಾರತದ ವ್ಯವಸ್ಥೆಯನ್ನೇ ನೋಡಿ. ಸೇವೆಯ ಅನುಮತಿ ಕೊಡುವುದು ಕೇಂದ್ರದ ದೂರಸಂಪರ್ಕ ಇಲಾಖೆ. ದೇಶವನ್ನು 22 ಸೇವಾ ವಲಯಗಳಾಗಿ ಹಂಚಿದ್ದಾರೆ. ಕರ್ನಾಟಕ ‘ಎ’ ವರ್ಗದ ವಲಯ. 2013ರಿಂದ ಇದ್ದ ಯುನಿಫೈಡ್ ಲೈಸೆನ್ಸಿನ ಭಾಷೆಯನ್ನು 2023ರ ದೂರಸಂಪರ್ಕ ಕಾಯ್ದೆ ಬದಲಿಸಿ ‘ಅಥರೈಸೇಷನ್’ ಎಂದಿದೆ. ತರಂಗಾಂತರ ಇದರಿಂದ ಬೇರೆ. ಅದು ಹರಾಜಿನಲ್ಲಿ ವಲಯವಾರು ಬ್ಲಾಕುಗಳಾಗಿ ಸಿಗುತ್ತದೆ. 5ಜಿಗೆಂದು 2022ರಲ್ಲಿ ಹರಾಜಾದದ್ದು 20 ವರ್ಷದ ಅವಧಿಗೆ. ಆ ಬ್ಲಾಕನ್ನು ಒಂದು ನಿರ್ದಿಷ್ಟ ಜಾಗದಲ್ಲಿ, ಇಂಥ ಎತ್ತರದಲ್ಲಿ ಬಳಸಲು ಸಾಕ್ಫಾ ಎಂಬ ಸಮಿತಿಯ ಸ್ಥಳ ಅನುಮತಿ. ಅರ್ಜಿ ಹೋಗುವುದು ಸರಳ್ ಸಂಚಾರ್ ಪೋರ್ಟಲಿನಲ್ಲಿ. ಇನ್ನು ಟವರ್? ಅದು ಬಹಳ ಸಲ ಮೊಬೈಲ್ ಕಂಪನಿಯದೇ ಅಲ್ಲ. ಟವರ್ ಕಂಪನಿಗಳ ಬಳಿ ಇರುವುದು ಐಪಿ-1 ಎಂಬ ನೋಂದಣಿ. ಟವರ್, ಡಕ್ಟ್, ಬೆಳಕು ಹಾಯಿಸದ ಡಾರ್ಕ್ ಫೈಬರ್ ಇಂಥವನ್ನು ಬಾಡಿಗೆಗೆ ಕೊಡಲು ಅದು ಸಾಕು, ಅಲೆ ಹೊರಡಿಸಲು ಅಲ್ಲ.

ನಮ್ಮ ಪಹಣಿ ನೆನಪಿಸಿಕೊಳ್ಳಿ. 9ನೇ ಕಾಲಮಿನಲ್ಲಿ ಮಾಲೀಕನ ಹೆಸರು, 12ನೇ ಕಾಲಮಿನಲ್ಲಿ ಉಳುವವನ ಹೆಸರು ಮತ್ತು ಬೆಳೆ. ಇಬ್ಬರೂ ಒಬ್ಬರೇ ಆಗಬೇಕೆಂದಿಲ್ಲ. ನಿಮ್ಮ ಎಕ್ಸೆಲ್‌ನಲ್ಲಿ ಈ ಎರಡು ಕಾಲಂ ಒಂದಾಗಿಹೋಗಿವೆ. ಅದಕ್ಕೇ ಆ ಗುಡ್ಡದ ಟವರ್ ಮೂರು ಸಲ ಬಂದಿದೆ: ಮಾಲೀಕ ಒಬ್ಬ, ಉಳುವವರು ಮೂವರು, ಮೂವರೂ ತಮ್ಮ ತಮ್ಮ ಸಾಲು ಕಳಿಸಿದ್ದಾರೆ. ಮೂವರೂ ನಿಜವನ್ನೇ ಬರೆದಿದ್ದಾರೆ.

ಎಣಿಕೆ ಇನ್ನೂ ಕೆಳಕ್ಕಿಳಿಯುತ್ತದೆ. ಟವರ್ ಕಂಪನಿ ಕಟ್ಟಡವನ್ನು ಎಣಿಸುತ್ತದೆ. ಮೊಬೈಲ್ ಕಂಪನಿಯ ಲೈಸೆನ್ಸ್ ವಿಭಾಗ ಬಿಟಿಎಸ್ (ಫೋನುಗಳೊಡನೆ ಸಂಪರ್ಕ ಇಟ್ಟುಕೊಳ್ಳುವ ಪ್ರಸಾರ ಉಪಕರಣ) ಎಣಿಸುತ್ತದೆ, ಅಂದರೆ ಅದೇ ಜಾಗದ 2ಜಿ, 4ಜಿ, 5ಜಿಗಳನ್ನು ಬೇರೆಬೇರೆಯಾಗಿ. ರೇಡಿಯೋ ಎಂಜಿನಿಯರ್ ಸೆಲ್ ಎಣಿಸುತ್ತಾನೆ, ಅಂದರೆ ಒಂದು ದಿಕ್ಕಿಗೆ ಒಂದು ಬ್ಯಾಂಡಿನಲ್ಲಿ (ತರಂಗಾಂತರದ ಒಂದು ಪಟ್ಟಿಯಲ್ಲಿ) ಹೊರಡುವ ಪ್ರಸಾರವನ್ನು: ಮೂರು ದಿಕ್ಕು, ನಾಲ್ಕು ಬ್ಯಾಂಡ್ ಎಂದರೆ ಒಂದೇ ಕಂಪನಿಗೆ 12 ಸೆಲ್. ಜೂನ್ ಕಡತವನ್ನು ಲೈಸೆನ್ಸ್ ವಿಭಾಗದವರು ತುಂಬಿ, ಸೆಪ್ಟೆಂಬರ್ ಕಡತವನ್ನು ರೇಡಿಯೋ ವಿಭಾಗದವರು ತುಂಬಿದರೆ ಒಂದು ಟವರೂ ಹೊಸದಾಗಿ ಏಳದೆ ಸಂಖ್ಯೆ ನಾಲ್ಕು ಪಟ್ಟಾಗುತ್ತದೆ. ದಿನಾಂಕದ ಕಥೆಯೂ ಇದೇ. ಅನುಮತಿ ಸಿಕ್ಕ ದಿನ, ಉಪಕರಣ ಕೂಡಿಸಿದ ದಿನ, ಪ್ರಸಾರ ಶುರುವಾದ ದಿನ, ಗ್ರಾಹಕರಿಗೆ ತೆರೆದ ದಿನ, ಈ ನಾಲ್ಕರ ನಡುವೆ ತಿಂಗಳುಗಳ ಅಂತರವಿರಬಹುದು. ಕಡತದಲ್ಲಿ ‘ದಿನಾಂಕ’ ಎಂಬ ಒಂದೇ ಕಾಲಂ ಇದ್ದರೆ ತುಂಬುವವರು ತಮಗೆ ತೋಚಿದ್ದನ್ನು ತುಂಬುತ್ತಾರೆ.

ಸಮುದ್ರಕ್ಕೆ ಬಿದ್ದ ಸೈಟುಗಳು

ಇವು ಅತ್ಯಂತ ಸುಲಭದ ತಪ್ಪುಗಳು, ಕಾರಣವೂ ಬೆರಳೆಣಿಕೆಯಷ್ಟು. ಅಕ್ಷಾಂಶ ರೇಖಾಂಶ ಅದಲುಬದಲಾದರೆ ಬೆಂಗಳೂರಿನ 12.97, 77.59 ಹೋಗಿ ಉತ್ತರ ಧ್ರುವದ ಕಡೆ, ಸ್ವಾಲ್‌ಬಾರ್ಡ್ ದ್ವೀಪಗಳ ಪಶ್ಚಿಮದ ನೀರಿನಲ್ಲಿ ಬೀಳುತ್ತದೆ. ಖಾಲಿ ಬಿಟ್ಟ ಕೋಶವನ್ನು ತಂತ್ರಾಂಶ 0, 0 ಎಂದು ಓದಿದರೆ ಆಫ್ರಿಕಾದ ಗಿನಿ ಕೊಲ್ಲಿಗೆ ಹೋಗುತ್ತದೆ. ಇವೆರಡೂ ನಕ್ಷೆಯಲ್ಲಿ ಕಣ್ಣಿಗೆ ಹೊಡೆಯುವುದರಿಂದ ಅಪಾಯ ಕಡಿಮೆ. ನಿಜವಾಗಿ ಕಾಡುವುದು ಭೂಮಿಯ ಮೇಲೇ ಉಳಿದುಬಿಡುವ ತಪ್ಪು. 13 ಡಿಗ್ರಿ 5 ನಿಮಿಷ 30 ಸೆಕೆಂಡನ್ನು ಯಾರೋ 13.0530 ಎಂದು ಬರೆಯುತ್ತಾರೆ. ಸರಿಯಾದದ್ದು 13.0917. ಟವರ್ ನಾಲ್ಕು ಕಿಲೋಮೀಟರಿಗೂ ಹೆಚ್ಚು ದಕ್ಷಿಣಕ್ಕೆ ಸರಿದು, ಅಲ್ಲಿಯೂ ಒಂದು ನಂಬುವಂಥ ಊರಿನಲ್ಲೇ ಕೂರುತ್ತದೆ. ಇದನ್ನು ಹಿಡಿಯಲು ಒಂದು ಉಪಾಯವಿದೆ. ಒಂದು ಕಂಪನಿಯ ಎಲ್ಲ ಅಕ್ಷಾಂಶಗಳ ದಶಮಾಂಶದ ಮೊದಲ ಎರಡು ಅಂಕಿಗಳನ್ನು ತೆಗೆದು ನೋಡಿ. 60ರಿಂದ 99ರವರೆಗಿನ ಅಂಕಿಗಳು ಒಂದೂ ಇಲ್ಲದಿದ್ದರೆ ಅದು ದಶಮಾಂಶವಲ್ಲ, ನಿಮಿಷ.

ಹಳೆಯ ಸೈಟುಗಳಲ್ಲಿ ಇನ್ನೊಂದಿದೆ. ಹಿಂದೆ ಟೋಪೋಶೀಟ್ (ಸರ್ವೆ ಇಲಾಖೆಯ ಭೂನಕ್ಷೆ) ನೋಡಿ ಗುರುತಿಸಿದ ಜಾಗಗಳು ಭೂಮಿಯ ಆಕಾರದ ಹಳೆಯ ಲೆಕ್ಕವಾದ ಎವರೆಸ್ಟ್ ಆಧಾರದವು. ಇಂದಿನ ಜಿಪಿಎಸ್ ಹೇಳುವುದು ಡಬ್ಲ್ಯೂಜಿಎಸ್-84 ಎಂಬ ಹೊಸ ಲೆಕ್ಕದಲ್ಲಿ. ನಮ್ಮ ಕಡೆ ಇವೆರಡರ ನಡುವೆ ನೂರು ಮೀಟರಿಗೂ ಹೆಚ್ಚಿನ ವ್ಯತ್ಯಾಸ ಬರುತ್ತದೆ. ಆದ್ದರಿಂದ ಸ್ಥಳದ ಜೊತೆಗೆ ಅಳೆದ ವಿಧಾನವನ್ನೂ ಕೇಳಿ. ದಶಮಾಂಶದ ನಂತರ ಐದು ಅಂಕಿ ಕಡ್ಡಾಯ ಮಾಡಿ. ನಾಲ್ಕೇ ಅಂಕಿ ಎಂದರೆ 11 ಮೀಟರಿನ ಹೆಜ್ಜೆ. ಶಿವಾಜಿನಗರದಂಥ ಕಡೆ ಅದು ಪಕ್ಕದ ಮನೆಯ ತಾರಸಿ.

ಇತ್ತೀಚೆಗೆ ಹೆಚ್ಚುತ್ತಿರುವ ಗೊಂದಲ ಬೇರೆ ಬಗೆಯದು. ಸಂಕೇತಗಳನ್ನು ಸಂಸ್ಕರಿಸುವ ಬೇಸ್‌ಬ್ಯಾಂಡ್ ಪೆಟ್ಟಿಗೆಗಳನ್ನೆಲ್ಲ ಒಂದು ಕಟ್ಟಡದಲ್ಲಿ ಕೂಡಿಸಿ, ಅಲೆ ಹೊರಡಿಸುವ ರೇಡಿಯೋ ಘಟಕವನ್ನು ಫೈಬರ್ ಮೂಲಕ ಕಿಲೋಮೀಟರುಗಟ್ಟಲೆ ದೂರದ ಕಂಬಕ್ಕೆ ಏರಿಸುತ್ತಾರೆ. ಕಂಪನಿಯ ಕಡತದಲ್ಲಿ ಆ ಸೆಲ್‌ನ ವಿಳಾಸ ಪೆಟ್ಟಿಗೆ ಇರುವ ಕಟ್ಟಡದ್ದು, ಅಲೆ ಹೊರಡುವುದು ಇನ್ನೊಂದು ಬಡಾವಣೆಯಲ್ಲಿ. ನಿಮ್ಮ ನಮೂನೆಯಲ್ಲಿ ‘ಆಂಟೆನಾ ಇರುವ ಜಾಗ’ ಎಂದು ಬಿಡಿಸಿ ಬರೆಯಿರಿ. ‘ಸೈಟ್ ವಿಳಾಸ’ ಎಂದು ಕೇಳಿದರೆ ತಪ್ಪು ಉತ್ತರ ಬರುವುದು ಖಚಿತ.

ಹಾಗಾದರೆ ಮುಚ್ಚಿಡುವುದೇ ಇಲ್ಲವೇ?

ಇದೆ. ಅದು ಎಲ್ಲ ಕಾಲಮಿನಲ್ಲೂ ಒಂದೇ ಸಮನಾಗಿ ಇರುವುದಿಲ್ಲ, ಅಷ್ಟೆ. ಒಂದೊಂದು ಕಾಲಮಿಗೂ ಕೇಳಬೇಕಾದ ಪ್ರಶ್ನೆ: ಇದು ಯಾವ ಕಡೆಗೆ ತಪ್ಪಾದರೆ ಕಳಿಸಿದವರಿಗೆ ಲಾಭ? ಲಿಂಕಿನ ಲೆಕ್ಕದಲ್ಲಿ ಶುಲ್ಕವಿರುವ ದೇಶದಲ್ಲಿ ಮೈಕ್ರೋವೇವ್ ಲಿಂಕುಗಳು ಕಡಿಮೆಯಾಗಿ ಕಾಣುತ್ತವೆ. ಇಷ್ಟು ಊರಿಗೆ ಇಷ್ಟು ವರ್ಷದೊಳಗೆ ಸೇವೆ ತಲುಪಿಸಬೇಕೆಂಬ ಷರತ್ತು ಇರುವಲ್ಲಿ ಸೈಟುಗಳು ಹೆಚ್ಚಾಗಿ ಕಾಣುತ್ತವೆ. ವಿಕಿರಣದ ಮಿತಿ ಬಿಗಿಯಾಗಿರುವಲ್ಲಿ ಶಕ್ತಿಯ ಅಂಕಿ ತಗ್ಗುತ್ತದೆ. ಭಾರತ 2012ರ ಸೆಪ್ಟೆಂಬರ್ 1ರಿಂದ ಮೊಬೈಲ್ ಟವರುಗಳ ವಿಕಿರಣ ಮಿತಿಯನ್ನು ಅಂತರರಾಷ್ಟ್ರೀಯ ಮಾರ್ಗಸೂಚಿಯ ಹತ್ತನೇ ಒಂದಕ್ಕೆ ಇಳಿಸಿತು. ಕಂಪನಿಯ ಸ್ವಯಂ ದೃಢೀಕರಣ, ಅದರ ಮೇಲೆ ಇಲಾಖೆಯ ಕ್ಷೇತ್ರ ಘಟಕಗಳ ಆಯ್ದ ತಪಾಸಣೆ ಎಂಬ ಪದ್ಧತಿ ತಂದಿತು. ಅಂಥ ಕಾಲಮಿನಲ್ಲಿ ಕಾಗದವನ್ನೇ ನಂಬಿ ಕೂರುವಂತಿಲ್ಲ, ಅಳೆಯಲೇಬೇಕು.

ಅಮೆರಿಕದ ಸಂವಹನ ಆಯೋಗ ಎಫ್‌ಸಿಸಿಗೆ ಈ ಪಾಠ ದುಬಾರಿಯಾಗಿ ಸಿಕ್ಕಿತು. ಗ್ರಾಮೀಣ 4ಜಿಗೆ ಸಹಾಯಧನ ಹಂಚಲು ಅದು ಕಂಪನಿಗಳಿಂದಲೇ ವ್ಯಾಪ್ತಿ ನಕ್ಷೆ ತರಿಸಿಕೊಂಡಿತ್ತು. ಅದರ ಸಿಬ್ಬಂದಿ ರಸ್ತೆಗಿಳಿದು ಅಳೆದಾಗ, ನಕ್ಷೆ ಹೇಳಿದ ಕನಿಷ್ಠ ಡೌನ್‌ಲೋಡ್ ವೇಗ ಸಿಕ್ಕಿದ್ದು 62.3% ಪರೀಕ್ಷೆಗಳಲ್ಲಿ ಮಾತ್ರ. 2019ರ ಡಿಸೆಂಬರಿನಲ್ಲಿ ಆ ವರದಿ ಹೊರಬಂತು. ಆಸ್ತಿಯ ಪಟ್ಟಿಯಿಂದ ಲೆಕ್ಕ ಹಾಕಿ ತೆಗೆದ ವ್ಯಾಪ್ತಿಯನ್ನು ಆಸ್ತಿಯಂತೆಯೇ ನಂಬಬಾರದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಡ. ನಿಮ್ಮ ವ್ಯವಸ್ಥೆಯಲ್ಲಿ ವ್ಯಾಪ್ತಿಯ ನಕ್ಷೆಯನ್ನು ಬೇರೆ ಕೋಷ್ಟಕದಲ್ಲಿಡಿ, ಆಸ್ತಿಯ ಜೊತೆ ಬೆರೆಸಬೇಡಿ.

ಆರ್‌ಎಫ್‌ಐಡಿ ಮತ್ತು ಎಪಿಐ

ಟ್ಯಾಗ್ ಬೇಡ. ಬ್ಯಾಟರಿಯಿಲ್ಲದ ಟ್ಯಾಗನ್ನು ಓದಲು ಕೆಲವೇ ಮೀಟರ್ ಹತ್ತಿರ ಹೋಗಬೇಕು. ಟವರ್ ಇರುವುದು ಮೂರನೆಯವರ ಜಾಗದಲ್ಲಿ, ಬೀಗದೊಳಗೆ. ಎಲ್ಲ ಸರಿಯಾಗಿ ಓದಿದರೂ ಟ್ಯಾಗ್ ಹೇಳುವುದು ‘ನಾನು ಇಲ್ಲಿದ್ದೇನೆ’ ಎಂಬುದನ್ನು ಮಾತ್ರ. ರೇಡಿಯೋ ಘಟಕ ಬದಲಾಗಿ ಹೊಸ ಬ್ಯಾಂಡಿನಲ್ಲಿ ಪ್ರಸಾರ ಶುರುವಾದರೂ ಕಂಬದ ಟ್ಯಾಗಿಗೆ ಗೊತ್ತಾಗುವುದಿಲ್ಲ. ಡೀಸೆಲ್ ಜನರೇಟರ್, ಬ್ಯಾಟರಿ ಕಳುವಾಗದಂತೆ ಕಾಯಲು ಟವರ್ ಕಂಪನಿಗಳಿಗೆ ಅದು ಉಪಯೋಗವಾದೀತು. ಅದು ಅವರ ವ್ಯವಹಾರ, ನಿಯಂತ್ರಕರದ್ದಲ್ಲ.

ಹಾಗೆ ನೋಡಿದರೆ ಪ್ರತಿ ಸೆಲ್ಲೂ ತನ್ನ ಹೆಸರನ್ನು ತಾನೇ ಕೂಗಿ ಹೇಳುತ್ತಿರುತ್ತದೆ. 4ಜಿ ಸೆಲ್ ಪ್ರಸಾರ ಮಾಡುವ ಎಸ್‌ಐಬಿ-1 ಎಂಬ ಸಂದೇಶದಲ್ಲಿ ದೇಶದ ಸಂಖ್ಯೆ (ಭಾರತಕ್ಕೆ 404, 405), ಕಂಪನಿಯ ಸಂಖ್ಯೆ, ಪ್ರದೇಶದ ಸಂಖ್ಯೆ, 28 ಬಿಟ್‌ಗಳ ಸೆಲ್ ಗುರುತು ಎಲ್ಲ ಇರುತ್ತವೆ. ಆ ಸಂದೇಶದ ಆವರ್ತ 80 ಮಿಲಿಸೆಕೆಂಡ್. ಸಿಮ್ ಇಲ್ಲದ ಸ್ಕ್ಯಾನರ್ ರಸ್ತೆಯಲ್ಲೇ ನಿಂತು ಇದನ್ನು ಓದಬಲ್ಲದು, ಕಂಪನಿಯನ್ನು ಕೇಳಬೇಕಿಲ್ಲ. ಒಂದೇ ರೇಡಿಯೋವನ್ನು ಎರಡು ಮೂರು ಕಂಪನಿಗಳು ಹಂಚಿಕೊಂಡಿದ್ದರೆ ಆ ಎಲ್ಲ ಸಂಖ್ಯೆಗಳೂ ಅದರಲ್ಲೇ ಬರುತ್ತವೆ; 4ಜಿಯಲ್ಲಿ ಆರರವರೆಗೆ ಅವಕಾಶವಿದೆ. ಕಾಗದದಲ್ಲಿ ಹೇಳದ ಹಂಚಿಕೆ ಇಲ್ಲಿ ಬಯಲಾಗುತ್ತದೆ.

ಎಪಿಐ ವಿಚಾರ ಹೀಗೆ ತಳ್ಳಿಹಾಕುವಂಥದ್ದಲ್ಲ. ಕಂಪನಿಯ ನೆಟ್‌ವರ್ಕ್ ನಿರ್ವಹಣಾ ತಂತ್ರಾಂಶದಿಂದ ಬರುವ ಸಂರಚನೆಯ ಕಡತ, ಎಂಜಿನಿಯರುಗಳು ‘ಸಿಎಂ ಡಂಪ್’ ಎನ್ನುವುದು, ಕೆಲವು ವಿಷಯಗಳಲ್ಲಿ ಎಕ್ಸೆಲ್‌ಗಿಂತ ಬಹಳ ಮೇಲು. ಸೆಲ್ ಗುರುತು, ಚಾನೆಲ್ ಸಂಖ್ಯೆ, ಬ್ಯಾಂಡ್‌ವಿಡ್ತ್, ನಿಗದಿಯಾದ ಗರಿಷ್ಠ ಶಕ್ತಿ ಇವೆಲ್ಲ ಅದರಲ್ಲಿ ತಪ್ಪಾಗಿದ್ದರೆ ನೆಟ್‌ವರ್ಕೇ ನಡೆಯುವುದಿಲ್ಲ, ಹಾಗಾಗಿ ನಂಬಬಹುದು. ಆದರೆ ಸ್ಥಳ, ಆಂಟೆನಾದ ಎತ್ತರ, ಅದು ಮುಖ ಮಾಡಿದ ದಿಕ್ಕು, ಕೈಯಿಂದ ಬಾಗಿಸಿದ ಕೋನ ಇವು ಉಪಕರಣಕ್ಕೆ ತಾನಾಗಿ ತಿಳಿಯುವುದಿಲ್ಲ. ಯಾರೋ ಟೈಪ್ ಮಾಡಿದ್ದು ಅಲ್ಲಿ ಕೂತಿರುತ್ತದೆ, ತಪ್ಪಿದ್ದರೂ ಫೋನ್ ಕೆಲಸ ಮಾಡುತ್ತದೆ. ಎಪಿಐ ಜೋಡಿಸಿದರೆ ಹಳೆಯ ತಪ್ಪು ದಿನಕ್ಕೊಮ್ಮೆ ಬರುತ್ತದೆ, ಸರಿಯಾಗಿ ಬರುವುದಿಲ್ಲ.

ಭದ್ರತೆಯ ಮಾತೂ ಇದೆ. ನಿಯಂತ್ರಕರ ಕಂಪ್ಯೂಟರಿನ ಬಳಿ ಎಲ್ಲ ಕಂಪನಿಗಳ ಜೀವಂತ ನೆಟ್‌ವರ್ಕಿನ ಪಾಸ್‌ವರ್ಡ್ ಇರುವುದು ಯಾರಿಗೂ ಒಳ್ಳೆಯದಲ್ಲ. ನೀವು ಎಳೆದುಕೊಳ್ಳಬೇಡಿ, ಅವರು ಕಳಿಸಲಿ. ನಿಗದಿತ ನಮೂನೆಯ ಕಡತವನ್ನು, ಡಿಜಿಟಲ್ ಸಹಿಯೊಂದಿಗೆ, ದಿನಕ್ಕೊಮ್ಮೆಯೋ ವಾರಕ್ಕೊಮ್ಮೆಯೋ ನಡುವಿನ ಒಂದು ಸರ್ವರಿಗೆ ತಂದು ಹಾಕಲಿ. ಉಪಕರಣ ತಯಾರಕರೊಬ್ಬೊಬ್ಬರ ನಮೂನೆ ಒಂದೊಂದು, ತಂತ್ರಾಂಶ ನವೀಕರಿಸಿದಾಗಲೆಲ್ಲ ಕಾಲಮಿನ ಹೆಸರು ಬದಲಾಗುತ್ತದೆ. ಆ ಪರಿವರ್ತನೆಯ ಹೊಣೆ ಕಂಪನಿಯ ಮೇಲಿರಲಿ, ಇಲ್ಲದಿದ್ದರೆ ನಿಮ್ಮ ತಂಡದ ಅರ್ಧ ವರ್ಷ ಅದಕ್ಕೇ ಹೋಗುತ್ತದೆ.

ಕಟ್ಟುವ ಕ್ರಮ

ಕೋಡ್ ಬರೆಯುವ ಮೊದಲು ಹತ್ತು ಪುಟ ಮೀರದ ಒಂದು ವ್ಯಾಖ್ಯೆಯ ದಾಖಲೆ ಬರೆಯಿರಿ, ಎಲ್ಲ ಕಂಪನಿಗಳಿಂದ ಸಹಿ ಹಾಕಿಸಿ. ಪರವಾನಗಿ, ತರಂಗಾಂತರ ಹಂಚಿಕೆ, ಕಟ್ಟಡ, ಅದರಲ್ಲಿ ಒಂದೊಂದು ಕಂಪನಿಯ ನೆಲೆ, ಆಂಟೆನಾ, ಸೆಲ್ ಇವು ಆರು ಬೇರೆ ಕೋಷ್ಟಕಗಳು. ಕೊನೆಯ ಸೆಲ್‌ನಿಂದ ಹತ್ತಿ ಮೇಲಿನ ಪರವಾನಗಿಯವರೆಗೆ ದಾರಿ ಸಿಗಬೇಕು. ಸಿಗದ ಸೆಲ್ ಎಂದರೆ ಒಂದೋ ದಾಖಲೆಯ ದೋಷ, ಇಲ್ಲವೇ ಅನುಮತಿಯಿಲ್ಲದ ಪ್ರಸಾರ. ನಿಮ್ಮ ಇಡೀ ವ್ಯವಸ್ಥೆ ಇರುವುದು ಈ ಒಂದು ಪಟ್ಟಿಯನ್ನು ಹೊರತೆಗೆಯಲು. ಡ್ಯಾಷ್‌ಬೋರ್ಡಿನ ಬಣ್ಣಬಣ್ಣದ ಚಕ್ರಗಳು ಆಮೇಲೆ ಬರಲಿ. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಐಟಿಯು ರೇಡಿಯೋ ದತ್ತಾಂಶಕ್ಕೆಂದೇ ಎಸ್‌ಎಂ.1413 ಎಂಬ ಶಿಫಾರಸಿನಲ್ಲಿ ನಿಘಂಟು ಕೊಟ್ಟಿದೆ. ಕಾಲಮಿನ ಹೆಸರು ಹೊಸದಾಗಿ ಹುಟ್ಟುಹಾಕುವ ಬದಲು ಅಲ್ಲಿಂದ ತೆಗೆದುಕೊಳ್ಳಿ.

ಗುರುತಿನ ಸಂಖ್ಯೆಯನ್ನು ನಿಯಂತ್ರಕರೇ ಕೊಡಬೇಕು, ಅದರಲ್ಲಿ ಯಾವ ಅರ್ಥವನ್ನೂ ತುಂಬಬಾರದು. ಜಿಲ್ಲೆಯ ಹೆಸರಿನ ಅಕ್ಷರ ಸೇರಿಸುವ ಆಸೆ ಎಲ್ಲರಿಗೂ ಆಗುತ್ತದೆ. 2021ರಲ್ಲಿ ಬಳ್ಳಾರಿಯಿಂದ ವಿಜಯನಗರ ಜಿಲ್ಲೆ ಬೇರೆಯಾಯಿತು. ‘ಬಿಎಲ್‌ಆರ್‌ವೈ’ ಎಂದು ಶುರುವಾಗುವ ಹೊಸಪೇಟೆಯ ಸಂಖ್ಯೆಗಳನ್ನು ಬದಲಿಸಿದರೂ ಕಷ್ಟ, ಬಿಟ್ಟರೂ ಕಷ್ಟ. ಕಂಪನಿಯ ಹೆಸರೂ ಬೇಡ. ವೊಡಾಫೋನ್ ಇಂಡಿಯಾ ಮತ್ತು ಐಡಿಯಾ 2018ರ ಆಗಸ್ಟ್‌ನಲ್ಲಿ ಒಂದಾದಂತೆ ನಾಳೆ ಇನ್ನೆರಡು ಒಂದಾಗಬಹುದು. ಅರ್ಥವಿಲ್ಲದ ಸಂಖ್ಯೆ, ಟೈಪಿಂಗ್ ತಪ್ಪು ಹಿಡಿಯಲು ಕೊನೆಗೊಂದು ತಾಳೆ ಅಂಕಿ, ಒಮ್ಮೆ ಕೊಟ್ಟದ್ದನ್ನು ಮತ್ತೆ ಬೇರೆಯದಕ್ಕೆ ಕೊಡಬಾರದು. ಇಷ್ಟು ಸಾಕು. ಕಂಪನಿಯ ಸ್ವಂತ ಸಂಖ್ಯೆಗಳನ್ನು ಪಕ್ಕದಲ್ಲಿ ಅಡ್ಡಹೆಸರಿನಂತೆ ಉಳಿಸಿಕೊಳ್ಳಿ, ಹಳೆಯವನ್ನೂ ಸೇರಿಸಿ.

ಯಾವ ಸಾಲನ್ನೂ ಅಳಿಸಬೇಡಿ. ಪಹಣಿಯಲ್ಲಿ ಮ್ಯುಟೇಷನ್ ಆದಂತೆ ಹಳೆಯ ಸಾಲು ಮುಚ್ಚಬೇಕು, ಹೊಸದು ತೆರೆಯಬೇಕು. ಎರಡು ಬಗೆಯ ದಿನಾಂಕ ಇರಲಿ: ನೆಲದ ಮೇಲೆ ಬದಲಾವಣೆ ಆದ ದಿನ, ಅದು ನಿಮಗೆ ತಿಳಿದ ದಿನ. 2015ರಿಂದ ಭಾರತದಲ್ಲಿ ಕಂಪನಿಗಳು ತರಂಗಾಂತರವನ್ನು ತಮ್ಮತಮ್ಮಲ್ಲಿ ಹಂಚಿಕೊಳ್ಳಬಹುದು, ಮಾರಬಹುದು. ಕಳೆದ ಮಾರ್ಚ್ 10ರಂದು ಈ ಸೆಲ್ ಬಳಸಿದ ಬ್ಲಾಕ್ ಅವತ್ತು ಯಾರದಾಗಿತ್ತು ಎಂಬ ಪ್ರಶ್ನೆ ವಿವಾದದಲ್ಲಿ ಬಂದೇ ಬರುತ್ತದೆ. ಇವತ್ತಿನ ಚಿತ್ರವನ್ನಷ್ಟೇ ಇಟ್ಟುಕೊಂಡ ವ್ಯವಸ್ಥೆಗೆ ಅದಕ್ಕೆ ಉತ್ತರ ಕೊಡಲು ಆಗುವುದಿಲ್ಲ.

ಕಡತ ಒಳಬರುವಾಗಲೇ ತಪಾಸಣೆ ಆಗಲಿ, ಆದರೆ ಎರಡು ಮಟ್ಟದಲ್ಲಿ. ಪರವಾನಗಿ ಸಂಖ್ಯೆ ಇಲ್ಲ, ಸ್ಥಳ ಸೇವಾ ವಲಯದ ಗಡಿಯ ಹೊರಗಿದೆ, ಪ್ರಸಾರದ ಅಂಚು ಹಂಚಿಕೆಯ ಬ್ಲಾಕಿನಾಚೆ ಹೋಗುತ್ತದೆ ಎಂದಾದರೆ ಆ ಸಾಲು ಒಳಗೇ ಬರಬಾರದು. ಕೊನೆಯದನ್ನು ಲೆಕ್ಕ ಹಾಕುವುದು ಸುಲಭ. 1800 ಬ್ಯಾಂಡಿನ 4ಜಿಯಲ್ಲಿ ಚಾನೆಲ್ ಸಂಖ್ಯೆಯಿಂದ 1200 ಕಳೆದು, 0.1ರಿಂದ ಗುಣಿಸಿ, 1805 ಕೂಡಿಸಿ. ಚಾನೆಲ್ 1300 ಎಂದರೆ 1815 ಮೆಗಾಹರ್ಟ್ಸ್. 10 ಮೆಗಾಹರ್ಟ್ಸ್ ಅಗಲವಾದರೆ 1810ರಿಂದ 1820. ಆ ಹತ್ತೂ ಆ ಕಂಪನಿಯ ಬ್ಲಾಕಿನೊಳಗೆ ಇರಬೇಕು. ಇನ್ನು ಅನುಮಾನ ಹುಟ್ಟಿಸುವ, ಆದರೆ ತಡೆಯಬಾರದ ಸಾಲುಗಳಿವೆ: 50 ಮೀಟರಿನೊಳಗೆ ಇನ್ನೊಂದು ಕಟ್ಟಡ, ಟವರಿಗಿಂತ ಎತ್ತರದಲ್ಲಿರುವ ಆಂಟೆನಾ, ಶಕ್ತಿಯ ಕಾಲಮಿನಲ್ಲಿ 43. ಅದು 43 ಡಿಬಿಎಂ (ಶಕ್ತಿಯ ಇನ್ನೊಂದು ಮಾನ) ಆದರೆ 20 ವ್ಯಾಟ್. ವ್ಯಾಟ್ ಎಂದೇ ಓದಿದರೆ ಎರಡು ಪಟ್ಟಿಗೂ ಹೆಚ್ಚು. ಇವಕ್ಕೆ ಗುರುತು ಹಾಕಿ ಒಳಗೆ ಬಿಡಿ, ಕಂಪನಿಗೆ ವಿವರಣೆ ಕೇಳಿ. ಎಲ್ಲವನ್ನೂ ಕಟ್ಟುನಿಟ್ಟಾಗಿ ತಡೆದರೆ ತುಂಬುವವರು ಕಡತ ಒಳಹೋಗುವಂಥ ಅಂಕಿಯನ್ನು ಕಂಡುಹಿಡಿದು ಅದನ್ನೇ ತುಂಬತೊಡಗುತ್ತಾರೆ. ಆಗ ತಪ್ಪು ಶಾಶ್ವತವಾಗಿ ಅಡಗುತ್ತದೆ.

ಹತ್ತಿರವಿರುವ ಎರಡು ಸಾಲು ಒಂದೇ ಟವರೋ ಅಲ್ಲವೋ ಎಂಬುದನ್ನು ಅಂತರ ನೋಡಿ ಮಾತ್ರ ತೀರ್ಮಾನಿಸಬೇಡಿ. ಬೆಟ್ಟದ ಮೇಲೆ 80 ಮೀಟರ್ ದೂರದ ಎರಡು ಬಿಂದು ಒಂದೇ ಟವರ್ ಆಗಿರಬಹುದು, ಚಿಕ್ಕಪೇಟೆಯಲ್ಲಿ 15 ಮೀಟರ್ ದೂರದವು ಎರಡು ಬೇರೆ ತಾರಸಿ ಕಂಬಗಳಾಗಿರಬಹುದು. ಟವರ್ ಕಂಪನಿಯ ಪಟ್ಟಿಯನ್ನು ಬೇರೆಯಾಗಿ ತರಿಸಿ. ಬಾಡಿಗೆದಾರರ ಹೆಸರು ಅದರಲ್ಲಿರುತ್ತದೆ. ಬಾಡಿಗೆಯ ಬಿಲ್ ಮೇಲೆ ನಿಂತ ಪಟ್ಟಿಯಾದ್ದರಿಂದ ಅದು ಸಾಮಾನ್ಯವಾಗಿ ಚೊಕ್ಕಟ.

ಮೈಕ್ರೋವೇವ್ ಲಿಂಕಿಗೆ ಎರಡು ತುದಿ. ಎರಡನ್ನೂ ಒಂದೇ ದಾಖಲೆಯಾಗಿ ಕಟ್ಟಿ, ಒಂದು ತುದಿ ಸರಿದರೆ ಇನ್ನೊಂದೂ ತಪಾಸಣೆಗೆ ಬರುವಂತೆ ಮಾಡಿ. ಇಲ್ಲಿ ಹೆಚ್ಚಿನ ದೋಷ ಸತ್ತ ಲಿಂಕುಗಳದ್ದು: ಫೈಬರ್ ಬಂದಮೇಲೆ ಡಿಶ್ ಇಳಿಸಿರುತ್ತಾರೆ, ಹಂಚಿಕೆ ಹಾಗೇ ಉಳಿದು ಬೇರೆಯವರಿಗೆ ಆ ಚಾನೆಲ್ ಸಿಗುವುದಿಲ್ಲ. ಫೈಬರಿನಲ್ಲಿ ‘ಕಿಲೋಮೀಟರ್’ ಎಂದರೆ ಏನೆಂದು ಕೇಳಿ. 24 ಎಳೆಯ ಕೇಬಲನ್ನು 100 ಕಿಲೋಮೀಟರ್ ಹಾಕಿದರೆ ಮಾರ್ಗ 100, ಎಳೆಯ ಲೆಕ್ಕ 2,400. ಬೆಳಕು ಹಾಯಿಸಿ ಫೈಬರಿನ ಉದ್ದ ಹೇಳುವ ಓಟಿಡಿಆರ್ ಉಪಕರಣದ ಅಳತೆ ಮಾರ್ಗಕ್ಕಿಂತ ಯಾವಾಗಲೂ ಉದ್ದ ಬರುತ್ತದೆ. ಗುಂಡಿಗಳಲ್ಲಿ ಸುತ್ತಿಟ್ಟ ಹೆಚ್ಚುವರಿ ಕೇಬಲ್ ಅದರಲ್ಲಿ ಸೇರಿರುತ್ತದೆ. ಅದನ್ನು ಮೋಸ ಎನ್ನಬೇಡಿ.

ನೆಲದ ಮೇಲೆ ನೋಡುವುದು

ಎಲ್ಲ ಸೈಟಿಗೂ ಹೋಗಬೇಕಿಲ್ಲ, ಹೋಗಲೂ ಆಗದು. ಯಾದೃಚ್ಛಿಕವಾಗಿ ಆಯ್ದ 385 ದಾಖಲೆ ಪರೀಕ್ಷಿಸಿದರೆ ಇಡೀ ವಲಯದ ತಪ್ಪಿನ ಪ್ರಮಾಣವನ್ನು 95% ಭರವಸೆಯಲ್ಲಿ, ಆಚೀಚೆ 5 ಶೇಕಡಾ ಅಂಶದೊಳಗೆ ಹೇಳಬಹುದು. 300 ನೋಡಿ ಒಂದೂ ತಪ್ಪು ಸಿಗದಿದ್ದರೆ ತಪ್ಪು 1%ಗಿಂತ ಕಡಿಮೆ ಎಂದು ಅದೇ ಭರವಸೆಯಲ್ಲಿ ಹೇಳಬಹುದು. ಆದರೆ ಆಯ್ಕೆ ನಿಜಕ್ಕೂ ಯಾದೃಚ್ಛಿಕವಾಗಿರಬೇಕು. ಹೆದ್ದಾರಿಯ ಪಕ್ಕದ, ಜೀಪು ಹೋಗುವ ಸೈಟುಗಳನ್ನೇ ಆರಿಸಿಕೊಂಡರೆ ಒಳ್ಳೆಯ ಫಲಿತಾಂಶವೇ ಬರುತ್ತದೆ, ಅದರಿಂದ ಏನೂ ತಿಳಿಯುವುದಿಲ್ಲ. ಮಲೆನಾಡು, ತಾರಸಿ ಕಂಬ, ಹಂಚಿಕೊಂಡ ಟವರ್, ಇತ್ತೀಚೆಗೆ ಬದಲಾದವು ಎಂದು ಗುಂಪು ಮಾಡಿ ಪ್ರತಿ ಗುಂಪಿನಿಂದಲೂ ಚೀಟಿ ಎತ್ತಿ. ಸೈಟಿನ ಪಟ್ಟಿ ಕಂಪನಿಗೆ ಮುಂಚೆ ತಿಳಿಯದಿರಲಿ.

ಇಬ್ಬರ ತಂಡ ಸಾಕು. ಸ್ಕ್ಯಾನರ್, ದಿಕ್ಕು ಹಿಡಿಯುವ ಆಂಟೆನಾ ಸಹಿತ ಕೈಯಲ್ಲಿ ಹಿಡಿಯುವ ಸ್ಪೆಕ್ಟ್ರಮ್ ಅನಲೈಸರ್, ಲೇಸರ್ ದೂರಮಾಪಕ, ಜಿಪಿಎಸ್. ಬಯಲಿನಲ್ಲಿ ಜಿಪಿಎಸ್ ಮೂರರಿಂದ ಐದು ಮೀಟರಿನೊಳಗೆ ಹೇಳುತ್ತದೆ, ಎತ್ತರದ ಕಟ್ಟಡಗಳ ನಡುವೆ ಅದನ್ನು ನಂಬಬೇಡಿ. ಆಂಟೆನಾದ ದಿಕ್ಕು ಅಳೆಯುವಾಗ ಟವರಿನ ಬುಡದಲ್ಲಿ ದಿಕ್ಸೂಚಿ ಹಿಡಿಯಬೇಡಿ, ಉಕ್ಕು ಅದರ ಮುಳ್ಳನ್ನು ಎಳೆಯುತ್ತದೆ. 20–30 ಮೀಟರ್ ಹಿಂದೆ ಸರಿದು, ಆಂಟೆನಾದ ನೇರಕ್ಕೆ ನಿಂತು ನೋಡಬೇಕು. ದಾಖಲೆಯಲ್ಲಿಲ್ಲದ ಅಲೆ ಕಂಡರೆ ಕೂಡಲೇ ಕಂಪನಿಯನ್ನು ದೂರಬೇಡಿ. ಅಂಗಡಿ, ಪಿಜಿ, ಅಪಾರ್ಟ್‌ಮೆಂಟುಗಳಲ್ಲಿ ಹಾಕಿಕೊಂಡ ಅಕ್ರಮ ಬೂಸ್ಟರುಗಳು ಕಂಪನಿಯ ಸೆಲ್ ಸಂಖ್ಯೆಯನ್ನೇ ಮರುಪ್ರಸಾರ ಮಾಡುತ್ತವೆ. ಅಲೆ ಬರುವ ದಿಕ್ಕು ಮತ್ತು ದಾಖಲೆಯ ಟವರಿನ ದಿಕ್ಕು ಬೇರೆಯಾದರೆ ಮೊದಲ ಅನುಮಾನ ಬೂಸ್ಟರಿನ ಮೇಲಿರಲಿ.

ಪಟ್ಟಿ ಹಳಸದಂತೆ

ಬ್ರಿಟನ್ನಿನ ಸೈಟ್‌ಫೈಂಡರ್ ಎಂಬ ಸಾರ್ವಜನಿಕ ಪಟ್ಟಿ 2000ದ ಸ್ಟೀವರ್ಟ್ ವರದಿಯ ಶಿಫಾರಸಿನ ಹಿನ್ನೆಲೆಯಲ್ಲಿ ಬಂದದ್ದು. ಮಾಹಿತಿ ಕೊಡುವುದು ಕಂಪನಿಗಳ ಇಚ್ಛೆಗೆ ಬಿಟ್ಟಿತ್ತು. ಕಾಲಕ್ರಮದಲ್ಲಿ ಅವು ಕೊಡುವುದನ್ನು ನಿಲ್ಲಿಸಿದವು, ಪಟ್ಟಿ ಹಳೆಯದಾಗಿ ಕೊನೆಗೆ ಮುಚ್ಚಿತು. ಫ್ರಾನ್ಸಿನಲ್ಲಿ ಎಎನ್‌ಎಫ್‌ಆರ್ ಎಂಬ ಸಂಸ್ಥೆಯ ಒಪ್ಪಿಗೆ ಇಲ್ಲದೆ 5 ವ್ಯಾಟ್‌ಗೆ ಮೇಲಿನ ಕೇಂದ್ರ ಪ್ರಸಾರ ಶುರು ಮಾಡುವಂತಿಲ್ಲ. ಅದರ ಕಾರ್ಟೊರೇಡಿಯೋ ನಕ್ಷೆ ಇಂದಿಗೂ ಬದುಕಿದೆ. ತಂತ್ರಾಂಶದಿಂದ ಆದ ವ್ಯತ್ಯಾಸವಲ್ಲ ಇದು. ಕಂಪನಿಗೆ ಬೇಕಾದ ಏನೋ ಒಂದು, ಹೊಸ ಸೈಟಿನ ಅನುಮತಿಯೋ, ಅಡಚಣೆಯ ದೂರು ಕೊಡುವ ಹಕ್ಕೋ, ಪಟ್ಟಿಯ ಮೂಲಕವೇ ಸಿಗುವಂತಿರಬೇಕು. ದಂಡಕ್ಕಿಂತ ಇದು ಹೆಚ್ಚು ಕೆಲಸ ಮಾಡುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ. ತಾನಾಗಿ ತಪ್ಪು ತಿದ್ದಿಕೊಳ್ಳುವವರಿಗೆ ಮೊದಲ ವರ್ಷ ದಂಡ ಬೇಡವೆಂದು ಕಚೇರಿಯವರನ್ನು ಒಪ್ಪಿಸಿ. ಇಲ್ಲದಿದ್ದರೆ ಹಳೆಯ ತಪ್ಪುಗಳು ಹೊರಗೇ ಬರುವುದಿಲ್ಲ.

ನಿಮ್ಮ ಗ್ರಾಹಕ ಸಂಸ್ಥೆಗೆ ಇದನ್ನೆಲ್ಲ ಕೇಳುವ ಅಧಿಕಾರ ಇದೆಯೇ ಎಂಬುದನ್ನೂ ಕೆಲಸ ಶುರುವಾಗುವ ಮೊದಲೇ ಲಿಖಿತವಾಗಿ ಪಡೆಯಿರಿ. ಭಾರತದಲ್ಲಿ ಲೈಸೆನ್ಸ್ ಕೊಡುವುದು ಇಲಾಖೆ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ ಗುಣಮಟ್ಟ, ದರಗಳನ್ನು ನೋಡುತ್ತದೆ, ಶಿಫಾರಸು ಮಾಡುತ್ತದೆ. ಎರಡರ ಅಧಿಕಾರವೂ ಒಂದೇ ಅಲ್ಲ. ಕೇಳುವ ಹಕ್ಕಿಲ್ಲದ ಕಾಲಂ ಒಂದಿದ್ದರೂ ಕಂಪನಿಯ ವಕೀಲರು ಇಡೀ ಕಡತ ತಡೆಹಿಡಿಯಬಹುದು.

ಕೊನೆಯ ಚಿಂತೆ, ಅಪಾಯದ್ದು. ಟವರ್ ಎಲ್ಲಿದೆ ಎಂಬುದು ಗುಟ್ಟಲ್ಲ, ರಸ್ತೆಯಿಂದ ಕಾಣುತ್ತದೆ. ತರಂಗ್ ಸಂಚಾರ್ ಪೋರ್ಟಲಿನಲ್ಲಿ 2017ರಿಂದ ಜನರೇ ನೋಡುವ ವ್ಯವಸ್ಥೆಯೂ ಬಂದಿದೆ. ಕಾಯಬೇಕಾದದ್ದು ಬೇರೆ: ಫೈಬರ್ ಮಾರ್ಗ, ಹಲವು ಸೈಟುಗಳನ್ನು ಹೊತ್ತ ಹಬ್‌ಗಳು, ಯಾವುದಕ್ಕೆ ಯಾವುದು ಬದಲಿ ಮಾರ್ಗ, ಬ್ಯಾಟರಿ ಎಷ್ಟು ಗಂಟೆ ನಿಲ್ಲುತ್ತದೆ ಎಂಬ ವಿವರ. ಅವನ್ನು ಪ್ರತ್ಯೇಕ ದತ್ತಾಂಶ ಕೋಶದಲ್ಲಿ ಇಟ್ಟು, ಒಂದು ಸಲಕ್ಕೆ ಒಂದು ತಾಲ್ಲೂಕಿಗಿಂತ ಹೆಚ್ಚು ತೆರೆಯದಂತೆ, ಇಡೀ ಕೋಷ್ಟಕ ಇಳಿಸಿಕೊಳ್ಳಲಾಗದಂತೆ, ಯಾರು ಯಾವಾಗ ನೋಡಿದರೆಂದು ಬರೆದಿಡುವಂತೆ ಕಟ್ಟಿ. ಇನ್ನೂ ತೆರೆಯದ ಸೈಟುಗಳು ಪ್ರತಿಸ್ಪರ್ಧಿ ಕಂಪನಿಯ ಕಣ್ಣಿಗೆ ಬೀಳದಂತೆ ನೋಡಿಕೊಳ್ಳಿ; ಒಂದು ಸಲ ಸೋರಿದರೆ ಮತ್ತೆ ಯಾರೂ ನಿಜ ಕಳಿಸುವುದಿಲ್ಲ. ಈಗ ನಡೆಯುತ್ತಿರುವ ಎಕ್ಸೆಲ್ ಪದ್ಧತಿ ಇದಕ್ಕಿಂತ ಸುರಕ್ಷಿತ ಎಂದು ಭಾವಿಸಬೇಡಿ. ಆ ಕಡತ ಈಗಾಗಲೇ ಎಷ್ಟು ಇಮೇಲ್‌ಗಳಲ್ಲಿ, ಪೆನ್‌ಡ್ರೈವ್‌ಗಳಲ್ಲಿ ಇದೆಯೆಂದು ಯಾರಿಂದಲೂ ಹೇಳಲಾಗದು.

ಶುರುವಿಗೆ ಒಂದೇ ಜಿಲ್ಲೆ, ಒಂದೇ ಬ್ಯಾಂಡ್ ಆರಿಸಿಕೊಳ್ಳಿ. ನಿಮ್ಮದು ಕರ್ನಾಟಕ ವಲಯವೇ ಆಗಿದ್ದರೆ ಉತ್ತರ ಕನ್ನಡ ಒಳ್ಳೆಯ ಆಯ್ಕೆ: ಕರಾವಳಿ, ಘಟ್ಟ, ದಟ್ಟ ಕಾಡು, ಶಿರಸಿಯಂಥ ಪೇಟೆ, ಜೊತೆಗೆ ಕಾರವಾರದ ನೌಕಾನೆಲೆ ಮತ್ತು ಕೈಗಾದಂಥ ಸೂಕ್ಷ್ಮ ಜಾಗ, ಎಲ್ಲವೂ ಒಂದೇ ಜಿಲ್ಲೆಯಲ್ಲಿ ಸಿಗುತ್ತವೆ. 1800 ಬ್ಯಾಂಡಿನ ಸೆಲ್‌ಗಳನ್ನು ಮಾತ್ರ ತೆಗೆದುಕೊಂಡು ಕಂಪನಿಯ ಎಕ್ಸೆಲ್, ಸಿಎಂ ಡಂಪ್, ಟವರ್ ಕಂಪನಿಯ ಬಾಡಿಗೆ ಪಟ್ಟಿ ಮೂರನ್ನೂ ತಾಳೆ ಹಾಕಿ. ಮೂರರಲ್ಲೂ ಇರುವವು, ಎರಡರಲ್ಲಿರುವವು, ಒಂದರಲ್ಲೇ ಇರುವವು ಎಂದು ಬೇರ್ಪಡಿಸಿ. ಒಂದರಲ್ಲೇ ಇರುವವುಗಳ ಕಾರಣ ಒಂದೊಂದಾಗಿ ಕಂಡುಹಿಡಿದು ಬರೆದ ಮೇಲೆ ನಿಮ್ಮ ನಮೂನೆಯ ಎರಡನೇ ಆವೃತ್ತಿ ಸಿದ್ಧಪಡಿಸಿ. ಉಳಿದ ಜಿಲ್ಲೆಗಳಿಗೆ ಅದನ್ನೇ ಕಳಿಸಿ.